ಸೊಸೆ ಹೇಳದೆ ಉಳಿಸಿಕೊಂಡ ಕಾರಣಗಳು

ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಹೆಸರನ್ನು ಪ್ರಕಟಿಸಬಾರದೆಂದು ಕೋರಿ ನಮಗೆ ದೀರ್ಘವಾದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಅವರ ಸೊಸೆಗೆ ಇನ್ನೂ ಎರಡು ವರ್ಷ ತುಂಬದ ಮಗುವಿದೆ. ಮತ್ತೆ ಬಸಿರಾಗಿರುವುದು ತಿಳಿದಾಗ ಆಕೆ ಗಂಡನೊಬ್ಬನಿಗೆ ಹೇಳಿ, ಔಷಧದ ಅಂಗಡಿಯಿಂದ ಮಾತ್ರೆ ತರಿಸಿಕೊಂಡು ನುಂಗಿದ್ದಾಳೆ. ರಕ್ತ ಹೋಗಿ ಹಾಸಿಗೆ ಹಿಡಿದ ಮೇಲಷ್ಟೇ ಅತ್ತೆಗೆ ವಿಷಯ ಗೊತ್ತಾಗಿದೆ. ‘ಆರೋಗ್ಯವಂತ ಹುಡುಗಿ, ಗಂಡನಿಗೆ ಸಂಬಳವಿದೆ, ಮಗುವನ್ನು ನೋಡಿಕೊಳ್ಳಲು ನಾನಿದ್ದೇನೆ. ಹೀಗಿರುವಾಗ ಕಾರಣವಾದರೂ ಏನು? ನಮ್ಮ ಕಾಲದಲ್ಲಿ ಹೊಟ್ಟೆಗೆ ಬಂದದ್ದನ್ನು ಬೇಡವೆನ್ನುತ್ತಿರಲಿಲ್ಲ. ಈಗಿನವರಿಗೆ ಇದು ಇಷ್ಟು ಸುಲಭವಾಯಿತೇ? ಮುಂದೆ ಪಶ್ಚಾತ್ತಾಪ ಕಾಡುವುದಿಲ್ಲವೇ? ಅಮೆರಿಕದಂಥ ದೇಶವೇ ಈ ಹಕ್ಕನ್ನು ಕಿತ್ತುಕೊಂಡಿದೆಯಂತಲ್ಲ? ಎಲ್ಲಕ್ಕಿಂತ ಹೆಚ್ಚಾಗಿ, ನನಗೇಕೆ ಹೇಳಲಿಲ್ಲ?’ ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ನಿಮ್ಮ ಪ್ರಶ್ನೆಗಳಿಗೆ ಬರುವ ಮೊದಲು ನೀವು ಕೇಳದೆ ಬಿಟ್ಟ ಒಂದು ವಿಷಯವನ್ನು ಹೇಳಬೇಕಾಗಿದೆ, ಏಕೆಂದರೆ ಅದು ತಡವಾಗಬಾರದು. ನಿಮ್ಮ ಸೊಸೆ ಇದುವರೆಗೆ ವೈದ್ಯರಿಗೆ ತೋರಿಸಿಕೊಂಡಿದ್ದಾರೆಯೇ ಎಂಬುದು ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ಗರ್ಭಪಾತದ ಮಾತ್ರೆಗಳು, ಅಂದರೆ ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್, ಸರಿಯಾದ ಕಾಲದಲ್ಲಿ ಸರಿಯಾಗಿ ತೆಗೆದುಕೊಂಡರೆ ಸುರಕ್ಷಿತವೆಂದೇ ವೈದ್ಯಲೋಕ ಹೇಳುತ್ತದೆ. ಎರಡನ್ನೂ ಸೇರಿಸಿದ ಪೊಟ್ಟಣವನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕಿ 63 ದಿನಗಳವರೆಗೆ, ಅಂದರೆ ಒಂಬತ್ತು ವಾರಗಳವರೆಗೆ ಬಳಸಲು ಭಾರತದಲ್ಲಿ 2008ರಲ್ಲಿ ಅನುಮತಿ ದೊರೆಯಿತು. ಆದರೆ ಅದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ. ಬಸಿರು ಗರ್ಭಕೋಶದಲ್ಲಿ ನಿಲ್ಲದೆ ಅಂಡನಾಳದಲ್ಲಿ ನಿಂತಿದ್ದರೆ ಈ ಮಾತ್ರೆಗಳು ಕೆಲಸ ಮಾಡುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಅಪಾಯ. ಗರ್ಭ ಪೂರ್ತಿ ಹೋಗದೆ ಒಳಗೆ ಉಳಿದರೆ ನಂಜಾಗಬಹುದು. ಗಂಟೆಗೆ ಎರಡು ಪ್ಯಾಡ್ ತೊಯ್ಯುವಷ್ಟು ರಕ್ತ ಎರಡು ಗಂಟೆ ಬಿಡದೆ ಹೋದರೆ, ಜ್ವರ ಇಳಿಯದಿದ್ದರೆ, ದುರ್ವಾಸನೆಯ ಸ್ರಾವವಿದ್ದರೆ, ಒಂದು ಬದಿಯ ಕಿಬ್ಬೊಟ್ಟೆಯಲ್ಲಿ ನೋವಿದ್ದರೆ ಕಾಯುವಂತಿಲ್ಲ. ಇವು ಯಾವುವೂ ಇಲ್ಲದಿದ್ದರೂ ಒಮ್ಮೆ ಪರೀಕ್ಷೆ ಮಾಡಿಸಿ, ರಕ್ತದ ಪ್ರಮಾಣವನ್ನೂ ನೋಡಿಸಿ. ನಮ್ಮ ರಾಜ್ಯದಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ, ನೋಡಲು ಆರೋಗ್ಯವಂತೆಯಾಗಿರುವುದು ಅದಕ್ಕೆ ಪ್ರಮಾಣವಲ್ಲ. ಮಾತ್ರೆ ನುಂಗಿದ ವಿಷಯವನ್ನು ವೈದ್ಯರಿಂದ ಮುಚ್ಚಿಡಬೇಡಿ.

ಈಗ ‘ನಮ್ಮ ಕಾಲ’ದ ಮಾತು. ನೀವು ಮೂರು ಮಕ್ಕಳನ್ನು ಹೆತ್ತು ಬೆಳೆಸಿದ ಕಷ್ಟದ ಮುಂದೆ ನನಗೆ ಗೌರವವಲ್ಲದೆ ಬೇರೇನೂ ಇಲ್ಲ. ಆದರೆ ಆ ಕಾಲದಲ್ಲಿ ಯಾರೂ ಬೇಡವೆನ್ನುತ್ತಿರಲಿಲ್ಲ ಎಂಬುದನ್ನು ಒಪ್ಪಲಾರೆ. ತಿಂಗಳು ನಿಂತವಳಿಗೆ ಎಳ್ಳು ಬೆಲ್ಲ ಕುಟ್ಟಿಕೊಡುವುದು, ಪಪ್ಪಾಯಿ ತಿನ್ನಿಸುವುದು, ಅದಕ್ಕೂ ಆಗದಿದ್ದರೆ ಚಿತ್ರಮೂಲದ ಬೇರು, ಎಕ್ಕದ ಕಡ್ಡಿ ಎಂದು ಯಾರ ಮನೆಯ ಹಿತ್ತಲಿಗೋ ಕತ್ತಲಲ್ಲಿ ಹೋಗುವುದು, ಇವೆಲ್ಲ ನಮ್ಮ ಹಳ್ಳಿಗಳ ಹೆಂಗಸರಿಗೆ ಗೊತ್ತಿದ್ದ ಸಂಗತಿಗಳೇ. ಎಳ್ಳು ಬೆಲ್ಲದಿಂದ ಏನೂ ಆಗುತ್ತಿರಲಿಲ್ಲ. ಎಕ್ಕದ ಕಡ್ಡಿಯಿಂದ ಎಷ್ಟೋ ಮಂದಿ ಸತ್ತರು. ಊರು ಆ ಸಾವುಗಳನ್ನು ಜ್ವರದ ಸಾವೆಂದು ಹೇಳಿ ಮುಗಿಸಿತು. 1860ರ ಭಾರತೀಯ ದಂಡ ಸಂಹಿತೆಯ 312ನೆಯ ಸೆಕ್ಷನ್ನು, ತಾಯಿಯ ಜೀವ ಉಳಿಸಲು ಮಾಡಿದ್ದನ್ನು ಬಿಟ್ಟು, ಬೇರೆಲ್ಲ ಗರ್ಭಪಾತವನ್ನೂ ಅಪರಾಧವೆಂದು ಕರೆದಿತ್ತು. ತನ್ನ ಗರ್ಭವನ್ನು ತಾನೇ ಇಳಿಸಿಕೊಂಡ ಹೆಂಗಸೂ ಅದರಡಿ ಅಪರಾಧಿಯೇ. ಆಸ್ಪತ್ರೆಗಳಿಗೆ ನಂಜೇರಿ ಬರುತ್ತಿದ್ದ ಹೆಂಗಸರ ಸಂಖ್ಯೆ ಕಂಡೇ ಕೇಂದ್ರ ಸರ್ಕಾರ 1964ರಲ್ಲಿ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು, 1966ರಲ್ಲಿ ಅದು ವರದಿ ಕೊಟ್ಟಿತು, 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂದು 1972ರ ಏಪ್ರಿಲ್ 1ರಿಂದ ಜಾರಿಯಾಯಿತು. ಆ ಮಸೂದೆಗೆ ಸರ್ಕಾರ ಲಗತ್ತಿಸಿದ್ದ ಉದ್ದೇಶಗಳ ಹೇಳಿಕೆಯಲ್ಲಿ ಒಂದು ಮಾತಿದೆ: ಕಠಿಣ ಕಾನೂನನ್ನು ದೇಶದ ಉದ್ದಗಲಕ್ಕೂ ಮುರಿಯಲಾಗುತ್ತಿದೆ, ಹಾಗೆ ಗರ್ಭಪಾತ ಮಾಡಿಸಿಕೊಳ್ಳುತ್ತಿರುವ ತಾಯಂದಿರಲ್ಲಿ ಹೆಚ್ಚಿನವರು ಮದುವೆಯಾದವರು, ಬಸಿರನ್ನು ಮುಚ್ಚಿಡಬೇಕಾದ ವಿಶೇಷ ಅಗತ್ಯವೇನೂ ಇಲ್ಲದವರು. ನೀವು ಸೊಸೆಯನ್ನು ಕುರಿತು ಬರೆದಿರುವ ವಾಕ್ಯವೂ ಹೆಚ್ಚು ಕಡಿಮೆ ಇದೇ. ಅರ್ಧ ಶತಮಾನದ ಹಿಂದೆಯೇ ಸಂಸತ್ತಿಗೆ ಗೊತ್ತಿದ್ದ ಸತ್ಯ ಇಂದಿಗೂ ಮನೆಯೊಳಗೆ ಅಚ್ಚರಿಯ ಸುದ್ದಿಯಾಗುತ್ತಿದೆ.

ಇನ್ನು ‘ಸುಲಭವಾಯಿತೇ’ ಎಂಬ ಪ್ರಶ್ನೆ. 2015ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳು ನಡೆದವೆಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಅವುಗಳಲ್ಲಿ ನೂರಕ್ಕೆ 73ರಷ್ಟು ನಡೆದದ್ದು ಆಸ್ಪತ್ರೆಯ ಹೊರಗೆ, ಮಾತ್ರೆಗಳಿಂದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಪಾತ ಮಾಡಿಸಿಕೊಂಡವರ ಪೈಕಿ ಕಾಲು ಭಾಗಕ್ಕೂ ಹೆಚ್ಚು ಮಂದಿ ಮನೆಯಲ್ಲಿ ತಾವೇ ಮಾಡಿಕೊಂಡೆವು ಎಂದಿದ್ದಾರೆ. ಮಾತ್ರೆ ಕೈಗೆ ಸಿಗುವುದು ಸುಲಭವಾಗಿದೆ, ನಿಜ. ಆದರೆ ಬಾಗಿಲು ಹಾಕಿಕೊಂಡು ಅದನ್ನು ನುಂಗಿ, ಹೊಟ್ಟೆ ಕಿವುಚುವ ನೋವನ್ನು ‘ಮುಟ್ಟಿನ ನೋವು’ ಎಂದು ಮನೆಯವರಿಗೆ ಹೇಳಿ, ಮರುದಿನ ಮಗುವಿಗೆ ತಿಂಡಿ ತಿನ್ನಿಸಿ ಕೆಲಸಕ್ಕೆ ಹೊರಡುವುದನ್ನು ಸುಲಭವೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಕಾರಣವೇನು ಎಂದಿರಿ. ಅದೇ ಸಮೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಮಂದಿ ಕೊಟ್ಟ ಕಾರಣ, ‘ಬಯಸದೆ ಬಂದ ಬಸಿರು’ ಎಂಬುದು. ಆದರೆ ಇದು ಸಮೀಕ್ಷೆಯ ಪಟ್ಟಿಯಲ್ಲಿ ಗುರುತು ಹಾಕಿದ ಉತ್ತರವೇ ಹೊರತು ಒಬ್ಬ ಹೆಂಗಸು ಬಲ್ಲ ಕಾರಣವಲ್ಲ. ಈ ವಿಷಯ ಕುರಿತು ವರ್ಷಗಳಿಂದ ನಮ್ಮ ಪತ್ರಿಕೆಗೆ ಬಂದ ಪತ್ರಗಳನ್ನು ಓದುತ್ತ ನನಗೆ ಮನದಟ್ಟಾದದ್ದು ಇದು: ಒಂದೇ ಕಾರಣಕ್ಕೆ ಗರ್ಭ ತೆಗೆಸಿಕೊಂಡೆನೆಂದು ಬರೆದವರು ವಿರಳ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ ಒಬ್ಬಾಕೆ ಮೊದಲು ದುಡ್ಡಿನ ತೊಂದರೆ ಎಂದು ಬರೆದರು. ಎರಡು ಪುಟ ಕಳೆದ ಮೇಲೆ, ಮೊದಲ ಹೆರಿಗೆಯಲ್ಲಿ ಕೆಲಸ ಬಿಟ್ಟಾಗ ಕೈಯಲ್ಲಿ ದುಡ್ಡಿಲ್ಲದೆ ಗಂಡನ ಮುಂದೆ ಬಸ್ ಚಾರ್ಜಿಗೂ ಕೈಯೊಡ್ಡಬೇಕಾಗಿ ಬಂದದ್ದು ಬಂತು. ಕೊನೆಯಲ್ಲಿ, ಅವನು ಕುಡಿದು ಹೊಡೆಯುವುದು ಒಂದೇ ಸಾಲಿನಲ್ಲಿ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಬಂತು. ಎರಡು ಸಿಸೇರಿಯನ್ ಆದ ಇನ್ನೊಬ್ಬರಿಗೆ ಹೊಲಿಗೆಯ ನೋವು ಆರಿರಲಿಲ್ಲ, ಹಿರಿಯ ಮಗುವಿಗೆ ಮಾತು ಬರುತ್ತಿರಲಿಲ್ಲ, ತಿಂಗಳಿಗೆರಡು ಸಲ ಪೇಟೆಯ ಚಿಕಿತ್ಸೆಗೆ ಕರೆದೊಯ್ಯಬೇಕಿತ್ತು. ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ಮಗುವಿನ ಮಿದುಳು ಬೆಳೆದಿಲ್ಲವೆಂದು ತಿಳಿದು, ಹೆಸರನ್ನೂ ಇಟ್ಟಾಗಿದ್ದ ಗರ್ಭವನ್ನು ತೆಗೆಸಿಕೊಂಡ ತಾಯಿಯ ಪತ್ರವೂ ಇದೆ. ಅವರ ದುಃಖ ಸಾವಿನ ದುಃಖವೇ, ಅದಕ್ಕೆ ಸೂತಕದ ಮರ್ಯಾದೆಯೂ ಸಿಗಲಿಲ್ಲವೆಂಬುದು ಅವರ ಕೊರಗು. ಕಾಲೇಜು ಮುಗಿಸುತ್ತಿದ್ದ ಅವಿವಾಹಿತ ಹುಡುಗಿಯೊಬ್ಬಳು, ‘ನನಗೆ ದುಃಖವಾಗಲಿಲ್ಲ, ಭಯ ಹೋಯಿತು, ಹೀಗೆ ಹೇಳಿದರೆ ಕೆಟ್ಟವಳಾಗುತ್ತೇನೆಯೇ?’ ಎಂದು ಕೇಳಿದ್ದಳು. ಇಲ್ಲವೆಂದು ಉತ್ತರಿಸಿದ್ದೆ.

ನಿಮ್ಮ ಸೊಸೆಯ ಕಾರಣಗಳು ನನಗೆ ಗೊತ್ತಿರುವುದು ಸಾಧ್ಯವಿಲ್ಲ. ಆದರೆ ಅವರು ಗುತ್ತಿಗೆಯ ನೌಕರಿಯಲ್ಲಿದ್ದಾರೆ, ನವೀಕರಣ ಈ ವರ್ಷವೇ ಎಂದು ಪತ್ರದ ನಡುವೆ ನೀವೇ ಬರೆದಿದ್ದೀರಿ. ಮೊದಲ ಬಾಣಂತನದಲ್ಲಿ ಆರು ತಿಂಗಳು ಸರಿಯಾಗಿ ನಿದ್ದೆ ಮಾಡದೆ ಸುಮ್ಮಸುಮ್ಮನೆ ಅಳುತ್ತಿದ್ದರೆಂದೂ, ‘ಎಲ್ಲರಿಗೂ ಆಗುವುದೇ’ ಎಂದು ನೀವು ಸಮಾಧಾನ ಹೇಳಿದಿರೆಂದೂ ಬರೆದಿದ್ದೀರಿ. ನೀವು ಬರೆದ ಈ ಎರಡು ಸಂಗತಿಗಳನ್ನು ನೀವೇ ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ.

ಬಾಣಂತಿಯ ಮನಸ್ಸಿನ ಕಾಯಿಲೆ ಸಣ್ಣ ವಿಷಯವಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಎರಡು ಮಕ್ಕಳ ತಾಯಿಯೊಬ್ಬರ ಮೊಕದ್ದಮೆ ಬಂತು. ಎರಡನೆಯ ಹೆರಿಗೆಯ ನಂತರ ಅವರು ತೀವ್ರ ಮನೋರೋಗಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದರು. ಮೊಲೆಯೂಡುತ್ತಿದ್ದುದರಿಂದ ಮುಟ್ಟು ಇನ್ನೂ ಮರಳಿರಲಿಲ್ಲ, ಹಾಗಾಗಿ ಮತ್ತೆ ಬಸಿರಾದದ್ದು ತಡವಾಗಿ ತಿಳಿಯಿತು, ಕೋರ್ಟಿಗೆ ಬರುವಷ್ಟರಲ್ಲಿ ಕಾನೂನಿನ 24 ವಾರಗಳ ಗಡುವು ದಾಟಿತ್ತು. ನ್ಯಾಯಮೂರ್ತಿಗಳಾದ ಹಿಮಾ ಕೊಹ್ಲಿ ಮತ್ತು ನಮ್ಮ ರಾಜ್ಯದವರೇ ಆದ ಬಿ.ವಿ. ನಾಗರತ್ನ ಅವರ ಪೀಠ ಮೊದಲು ಗರ್ಭಪಾತಕ್ಕೆ ಅನುಮತಿ ನೀಡಿತು. ಭ್ರೂಣ ಬದುಕುವ ಸಾಧ್ಯತೆಯಿದೆಯೆಂಬ ವೈದ್ಯರ ಮಾತು ಬಂದ ಮೇಲೆ ಇಬ್ಬರ ಅಭಿಪ್ರಾಯ ಬೇರೆಯಾಯಿತು. ನಾಗರತ್ನ ಅವರು ಆ ಹೆಂಗಸಿನ ನಿರ್ಧಾರವನ್ನು ಗೌರವಿಸಬೇಕೆಂಬ ನಿಲುವಿಗೇ ಅಂಟಿಕೊಂಡರು. ಕೊನೆಗೆ ಅಕ್ಟೋಬರ್ 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು. ತೀರ್ಪಿನ ತಕ್ಕಡಿ ಯಾವ ಕಡೆಗೆ ತೂಗಬೇಕಿತ್ತೆಂಬುದರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಆದರೆ ಮದುವೆ, ಗಂಡ, ಆರೋಗ್ಯವಂತ ಮಕ್ಕಳು, ಎಲ್ಲ ಇದ್ದ ಹೆಂಗಸಿಗೂ ಇನ್ನೊಂದು ಬಸಿರು ತಾಳಲಾರದ್ದಾಗಬಹುದೆಂಬುದು ಆ ದಿನಗಳಲ್ಲಿ ದೇಶದ ಎದುರು ಬಿಚ್ಚಿಕೊಂಡಿತ್ತು.

ನಮ್ಮ ಕಾನೂನು ಉದಾರವಾದುದೆಂದು ಹೇಳುವ ವಾಡಿಕೆಯಿದೆ, ಅನೇಕ ದೇಶಗಳೊಡನೆ ಹೋಲಿಸಿದರೆ ಅದು ನಿಜವೂ ಹೌದು. 2021ರ ತಿದ್ದುಪಡಿಯ ನಂತರ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತ ವಯಸ್ಸಿನವರು, ಬಸಿರಿನ ನಡುವೆ ವಿಧವೆಯಾದವರು ಅಥವಾ ವಿಚ್ಛೇದನವಾದವರು ಮುಂತಾದ ಕೆಲವು ವರ್ಗಗಳಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೆ ಅವಕಾಶವಿದೆ. ಸುಪ್ರೀಂ ಕೋರ್ಟಿನ 2022ರ ಸೆಪ್ಟೆಂಬರ್ 29ರ ತೀರ್ಪು ಅವಿವಾಹಿತರನ್ನೂ ಇದರೊಳಗೆ ತಂದಿತು, ಈ ಕಾಯ್ದೆಯ ಮಟ್ಟಿಗೆ ಗಂಡನಿಂದಾದ ಬಲಾತ್ಕಾರವನ್ನೂ ಅತ್ಯಾಚಾರವೆಂದೇ ಎಣಿಸಿತು. ವಯಸ್ಕ ಹೆಂಗಸಿಗೆ ಬೇಕಾದದ್ದು ಆಕೆಯ ಒಪ್ಪಿಗೆ ಮಾತ್ರ. ಗಂಡನ ಸಹಿ, ಅತ್ತೆಯ ಸಹಿ, ತವರಿನ ಸಹಿ ಯಾವುದನ್ನೂ ಕಾನೂನು ಕೇಳುವುದಿಲ್ಲ. ಆದರೂ ಗಂಡನನ್ನು ಕರೆದುಕೊಂಡು ಬಾ ಎನ್ನುವ ಆಸ್ಪತ್ರೆಗಳು ಕಡಿಮೆಯಿಲ್ಲ.

ಇಷ್ಟಾದರೂ ಕಾನೂನಿನಲ್ಲಿ ಒಂದು ಗಂಟಿದೆ. ಹೆಂಗಸು ‘ನನಗೆ ಬೇಡ’ ಎಂದರೆ ಸಾಲದು. ಮುಂದುವರಿದರೆ ಆಕೆಯ ದೇಹಕ್ಕೋ ಮನಸ್ಸಿಗೋ ತೀವ್ರ ಹಾನಿಯಾದೀತೆಂದು ವೈದ್ಯರು ಬರೆಯಬೇಕು. ಗರ್ಭನಿರೋಧಕ ಕೈಕೊಟ್ಟಿದ್ದರೆ ಅಂಥ ಹಾನಿಯಿದೆಯೆಂದು ಭಾವಿಸಬಹುದೆಂದು ಕಾಯ್ದೆಯೇ ಹೇಳುತ್ತದೆ. ಹೀಗಾಗಿ ಯಾವ ಗರ್ಭನಿರೋಧಕವನ್ನೂ ಬಳಸದ ದಂಪತಿಯೂ ‘ಬಳಸಿದೆವು, ಕೈಕೊಟ್ಟಿತು’ ಎಂದು ಬರೆಸುತ್ತಾರೆ, ವೈದ್ಯರೂ ತಿಳಿದೇ ಬರೆದುಕೊಳ್ಳುತ್ತಾರೆ. ಕುಡುಕ ಗಂಡ, ನವೀಕರಣವಾಗಬೇಕಾದ ನೌಕರಿ, ಆರದ ಹೊಲಿಗೆ, ಇವಕ್ಕೆ ಅರ್ಜಿಯಲ್ಲಿ ಜಾಗವಿಲ್ಲ. ಹೆಂಗಸಿನ ಸದ್ಯದ ಹಾಗೂ ಮುಂದಿನ ಪರಿಸ್ಥಿತಿಯನ್ನು ವೈದ್ಯರು ಗಮನಕ್ಕೆ ತಂದುಕೊಳ್ಳಬಹುದೆಂಬ ಒಂದು ಸಾಲು ಕಾಯ್ದೆಯಲ್ಲಿರುವುದು ದೊಡ್ಡ ಮಾತೇ; ಆದರೆ ಅದನ್ನು ವಿವರಿಸಿ ಕೇಳುವಷ್ಟು ವ್ಯವಧಾನ ಎಷ್ಟು ಹೊರರೋಗಿ ವಿಭಾಗಗಳಲ್ಲಿದೆ? ಕಾನೂನು, ವೈದ್ಯರು, ಅತ್ತೆಮನೆ, ಪ್ರತಿಯೊಬ್ಬರೂ ಒಂದು ‘ಸಾಕಾದ’ ಕಾರಣವನ್ನು ಕೇಳುತ್ತಾರೆ. ಆದ್ದರಿಂದ ಹೆಂಗಸರು ಯಾರಿಗೆ ಯಾವ ಕಾರಣ ಸಾಕಾಗುತ್ತದೆಯೋ ಅದನ್ನು ಹೇಳುವುದನ್ನು ಕಲಿತಿದ್ದಾರೆ, ಯಾವುದೂ ಸಾಕಾಗದೆಂದು ಕಂಡಲ್ಲಿ ಏನನ್ನೂ ಹೇಳದೆ ಅಂಗಡಿಗೆ ಹೋಗುತ್ತಾರೆ. ಹಾಗೆ ಹೋದಾಗ ಕಾನೂನಿನ ರಕ್ಷಣೆಯೂ ಇರುವುದಿಲ್ಲ, ಏಕೆಂದರೆ ಕಾಯ್ದೆ ಕಾಯುವುದು ನೋಂದಾಯಿತ ವೈದ್ಯರ ಮೂಲಕ ನಡೆದದ್ದನ್ನು ಮಾತ್ರ.

ಇಲ್ಲಿ ಒಂದು ಭೇದವನ್ನು ಬಿಡಿಸಿ ಹೇಳಬೇಕು. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ ‘ಗರ್ಭಪಾತವನ್ನೇ ನಿಲ್ಲಿಸಿ’ ಎಂದು ಹಲವರು ನಮಗೆ ಬರೆದರು. ಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಿಂದಲೇ ಇದೆ, ಅದು ಬೇರೆ ಅಪರಾಧ. ಅಲ್ಲಿಗೆ ಕರೆತಂದ ಹೆಂಗಸರಲ್ಲಿ ಎಷ್ಟು ಮಂದಿಯನ್ನು ಮನೆಯವರು ‘ನಿನಗೇನು ಬೇಕು’ ಎಂದು ಕೇಳಿದ್ದರು? ಬೇಕೆಂದವಳ ಗರ್ಭವನ್ನು ಒತ್ತಾಯದಿಂದ ತೆಗೆಸುವುದೂ ಬೇಡವೆಂದವಳನ್ನು ಹೆರಿಸುವುದೂ ನನ್ನ ದೃಷ್ಟಿಯಲ್ಲಿ ಒಂದೇ ತಪ್ಪು. ನಿಮ್ಮ ಸೊಸೆ ಮಾತ್ರೆ ತೆಗೆದುಕೊಂಡ ವಾರಗಳಲ್ಲಿ ಯಾವ ಸ್ಕ್ಯಾನಿಂಗಿಗೂ ಲಿಂಗ ಕಾಣುವುದಿಲ್ಲ, ಅಂಥ ಸಂಶಯಕ್ಕೆ ಎಡೆಯೇ ಇಲ್ಲ.

ಅಮೆರಿಕದ ವಿಷಯ. ಅಲ್ಲಿನ ಸುಪ್ರೀಂ ಕೋರ್ಟು 1973ರ ತನ್ನದೇ ತೀರ್ಪನ್ನು 2022ರ ಜೂನ್ 24ರಂದು ರದ್ದುಗೊಳಿಸಿತು. ಗರ್ಭಪಾತದ ಹಕ್ಕು ಅಲ್ಲಿನ ಸಂವಿಧಾನದಲ್ಲಿಲ್ಲ, ಆಯಾ ರಾಜ್ಯಗಳು ತೀರ್ಮಾನಿಸಲಿ ಎಂದಿತು. ಅದರಿಂದ ನಾವು ಕಲಿಯಬೇಕಾದದ್ದು ಏನಿದೆಯೋ ತಿಳಿಯೆ. ಆದರೆ ನಿಮ್ಮ ಪಶ್ಚಾತ್ತಾಪದ ಪ್ರಶ್ನೆಗೆ ಉತ್ತರವಾಗಬಲ್ಲ ಅಧ್ಯಯನವೊಂದು ಆ ದೇಶದಲ್ಲೇ ನಡೆದಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಯಾನಾ ಗ್ರೀನ್ ಫಾಸ್ಟರ್ ಮತ್ತು ಸಂಗಡಿಗರು 30 ಚಿಕಿತ್ಸಾಲಯಗಳಿಗೆ ಬಂದ ಸುಮಾರು ಸಾವಿರ ಹೆಂಗಸರನ್ನು ಐದು ವರ್ಷಗಳ ಕಾಲ ಹಿಂಬಾಲಿಸಿ ಮಾತನಾಡಿಸಿದರು; ಅವರಲ್ಲಿ ಗರ್ಭಪಾತ ಆದವರೂ ಇದ್ದರು, ಅವಧಿ ಮೀರಿತೆಂದು ವಾಪಸು ಕಳಿಸಲ್ಪಟ್ಟವರೂ ಇದ್ದರು. ಕಾರಣ ಕೇಳಿದಾಗ ನೂರಕ್ಕೆ 40 ಮಂದಿ ಹಣದ ಅಡಚಣೆ ಎಂದರು, 36 ಮಂದಿ ಸಮಯ ಸರಿಯಿಲ್ಲವೆಂದರು, 31 ಮಂದಿ ಸಂಗಾತಿಯ ಕಾರಣ ಕೊಟ್ಟರು, 29 ಮಂದಿ ಈಗಾಗಲೇ ಇರುವ ಮಕ್ಕಳನ್ನು ನೋಡಿಕೊಳ್ಳಬೇಕೆಂದರು; ಕೂಡಿದರೆ ನೂರನ್ನು ಮೀರುತ್ತದೆ, ಏಕೆಂದರೆ ಅಲ್ಲಿಯೂ ಒಬ್ಬೊಬ್ಬರಿಗೆ ಹಲವು ಕಾರಣಗಳು. ಗರ್ಭಪಾತ ಮಾಡಿಸಿಕೊಂಡವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಐದು ವರ್ಷಗಳ ನಂತರವೂ ತಮ್ಮ ನಿರ್ಧಾರ ಸರಿಯೆಂದೇ ಹೇಳಿದರು. ಎಲ್ಲಕ್ಕಿಂತ ಹೆಚ್ಚಾಗಿ ಅವರು ಹೇಳಿಕೊಂಡ ಭಾವನೆ ನಿರಾಳ. ವಾಪಸು ಕಳಿಸಲ್ಪಟ್ಟವರು ಬಡತನಕ್ಕೆ ಬಿದ್ದದ್ದು, ಹೊಡೆಯುವ ಸಂಗಾತಿಯಿಂದ ಬಿಡಿಸಿಕೊಳ್ಳಲಾಗದೆ ಉಳಿದದ್ದು ಹೆಚ್ಚು. ದುಃಖವೇ ಇರುವುದಿಲ್ಲವೆಂದು ನಾನು ಹೇಳುತ್ತಿಲ್ಲ. ದುಃಖಪಟ್ಟವರು ಇದ್ದಾರೆ, ಪಶ್ಚಾತ್ತಾಪಪಟ್ಟವರೂ ಇದ್ದಾರೆ, ಅವರ ಮಾತು ಸುಳ್ಳಲ್ಲ. ಆದರೆ ಸುತ್ತಲಿನವರು ತಮ್ಮನ್ನು ಕೀಳಾಗಿ ಕಾಣುತ್ತಾರೆಂದು ಅನ್ನಿಸಿದವರಿಗೇ ಆ ನೋವು ಹೆಚ್ಚಾಗಿತ್ತೆಂಬುದನ್ನೂ ಅದೇ ಅಧ್ಯಯನ ಕಂಡುಕೊಂಡಿತು.

ಹೊರದೇಶದ ಉದಾಹರಣೆಯೇ ಬೇಕೆಂದರೆ ಕನ್ನಡಿಗರಿಗೆ ಅಮೆರಿಕಕ್ಕಿಂತ ಐರ್ಲೆಂಡ್ ಹತ್ತಿರ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಗಾಲ್ವೇ ನಗರದ ಆಸ್ಪತ್ರೆಯಲ್ಲಿ ನಂಜೇರಿ ತೀರಿಕೊಂಡರು. ಹದಿನೇಳು ವಾರಗಳ ಆ ಬಸಿರು ಅವರಿಗೆ ಬೇಕಾಗಿದ್ದ ಬಸಿರು. ಉಳಿಯುವುದಿಲ್ಲವೆಂದು ತಿಳಿದ ಮೇಲೆ ತೆಗೆದುಬಿಡಿ ಎಂದು ಕೇಳಿದರು, ಭ್ರೂಣದ ಎದೆಬಡಿತ ಇದೆಯೆಂದು ನಿರಾಕರಿಸಲಾಯಿತು. 2018ರ ಮೇ 25ರ ಜನಮತಗಣನೆಯಲ್ಲಿ ಐರ್ಲೆಂಡಿನ ಮತದಾನ ಮಾಡಿದವರಲ್ಲಿ ನೂರಕ್ಕೆ 66 ಮಂದಿ ಅಲ್ಲಿನ ಸಂವಿಧಾನದಲ್ಲಿದ್ದ ಗರ್ಭಪಾತದ ನಿಷೇಧವನ್ನು ತೆಗೆದುಹಾಕಲು ಮತ ಹಾಕಿದರು.

ನಿಮಗೇಕೆ ಹೇಳಲಿಲ್ಲ? ನೀವು ಕೆಟ್ಟವರೆಂದಲ್ಲ. ಹೇಳಿದ್ದರೆ ನೀವು ಕಾರಣ ಕೇಳುತ್ತಿದ್ದಿರಿ, ಅವರು ಒಂದನ್ನು ಕೊಟ್ಟರೆ ನೀವು ಅದಕ್ಕೊಂದು ಪರಿಹಾರ ಕೊಡುತ್ತಿದ್ದಿರಿ, ‘ನಾನು ನೋಡಿಕೊಳ್ಳುತ್ತೇನೆ’ ಎನ್ನುತ್ತಿದ್ದಿರಿ, ಪ್ರೀತಿಯಿಂದಲೇ ಅನ್ನುತ್ತಿದ್ದಿರಿ. ಪ್ರೀತಿಗೆ ಎದುರು ವಾದಿಸುವುದು ಕಷ್ಟ. ಆದ್ದರಿಂದ ಈಗಲೂ ವಿವರಣೆ ಕೇಳಬೇಡಿ. ಆಸ್ಪತ್ರೆಗೆ ಜೊತೆಗೆ ಬರಲೇ ಎಂದು ಮಾತ್ರ ಕೇಳಿ. ಬೇಡವೆಂದರೆ ಮಗುವನ್ನು ನೋಡಿಕೊಂಡು ಮನೆಯಲ್ಲಿರಿ. ಬಂಧುಗಳಿಗೆ ಈ ವಿಷಯ ತಿಳಿಸಬೇಡಿ. ವೈದ್ಯರು ಇಂಥ ವಿವರವನ್ನು ಕಾನೂನು ಒಪ್ಪದವರಿಗೆ ಹೊರಗೆಡಹಿದರೆ 2021ರ ತಿದ್ದುಪಡಿಯಂತೆ ಒಂದು ವರ್ಷದವರೆಗೆ ಜೈಲಾಗಬಹುದು. ಮನೆಯವರಿಗೆ ಅಂಥ ಕಾನೂನಿಲ್ಲವಾದರೂ ಗುಟ್ಟು ಅದೇ ತಾನೇ.

ನೀವು ಧಾರಾಳವಾಗಿ ಮಾತನಾಡಬಹುದಾದ ಒಬ್ಬರು ನಿಮ್ಮ ಮನೆಯಲ್ಲಿದ್ದಾರೆ, ನಿಮ್ಮ ಮಗ. ನಿಮ್ಮ ಐದು ಪುಟಗಳ ಪತ್ರದಲ್ಲಿ ಅವರ ಮೇಲೆ ಒಂದೇ ಒಂದು ಪ್ರಶ್ನೆಯಿಲ್ಲ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಂತಾನಹರಣದ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಹಾಗೆ ಮಾಡಿಸಿಕೊಂಡ ಗಂಡಸರು ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಕೋಷ್ಟಕದಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಇನ್ನೊಂದು ಮಗು ಸದ್ಯಕ್ಕೆ ಬೇಡ ಎಂದಾದರೆ ಕಾಂಡೋಮ್ ಇದೆ. ಸೊಸೆ ಬಯಸಿದರೆ ಕಾಪರ್-ಟಿ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಇನ್ನು ಮಕ್ಕಳೇ ಬೇಡವೆಂದು ಇಬ್ಬರೂ ತೀರ್ಮಾನಿಸಿದ್ದರೆ ಗಂಡಸರ ಆಪರೇಷನ್ನಿಗೆ ಹೊಲಿಗೆ ಬೇಕಿಲ್ಲ, ಅದೇ ದಿನ ಮನೆಗೆ ಬರಬಹುದು. ಆದರೆ ಅದು ಆದ ದಿನದಿಂದಲೇ ಕೆಲಸ ಮಾಡುವುದಿಲ್ಲ. ಸುಮಾರು ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸಿ, ಖಚಿತವಾಗುವವರೆಗೂ ಬೇರೆ ಗರ್ಭನಿರೋಧಕ ಬಳಸಬೇಕೆಂಬುದನ್ನು ಮಗನಿಗೆ ತಿಳಿಸಿ.

— ಸಂಪಾದಕರು